ದಿಂಬಿನ ವಾಸನೆ

ಜೂನ್ 9, ಸೋಮವಾರ

ಇವತ್ತಿಂದ ಬರೆದಿಡ್ತೀನಿ. ನಮ್ಮ ಯಜಮಾನರು ಹೊಗೆಸೊಪ್ಪು ಬಿಟ್ಟಿದ್ದಾರಂತೆ. ನಂಬೋಕೆ ನಾನೇನು ನಿನ್ನೆ ಮದುವೆಯಾಗಿ ಬಂದವಳಾ?

ಈ ಮನೇಲಿ ಅತ್ತೆ, ಇವರು, ನಮ್ಮ ಮಗಳು ಎಲ್ಲರೂ ಕನ್ನಡ ಮಾತಾಡ್ತಾರೆ, ಓದೋಕೆ ಮಾತ್ರ ಒಬ್ಬರಿಗೂ ಬರಲ್ಲ. ತಾತಮುತ್ತಾತನ ಕಾಲದಿಂದ ಈ ತಮಿಳು ಸೀಮೆಯ ಪಲ್ಲಡದಲ್ಲೇ ಮಗ್ಗ ಹಾಕಿಕೊಂಡಿರೋ ದೇವಾಂಗದವರು, ಕಲಿತದ್ದೆಲ್ಲ ತಮಿಳು. ಕೊಳ್ಳೇಗಾಲದಿಂದ ಸೊಸೆಯಾಗಿ ಬಂದ ನಾನೊಬ್ಬಳೇ ಕನ್ನಡ ಶಾಲೆಗೆ ಹೋದವಳು. ಆದ್ದರಿಂದ ಈ ಪುಸ್ತಕಾನ ಅಕ್ಕಿ ಡಬ್ಬದ ಮೇಲೆ ತೆರೆದಿಟ್ಟರೂ ನಂಗೆ ಭಯವಿಲ್ಲ.

ಹೋದ ವಾರ ಪೀಳಮೇಡಿನ ಒಂದು ಆಸ್ಪತ್ರೆಯವರು ನಮ್ಮ ಬೀದಿಗೆ ಬಂದು ಪವರ್‌ಲೂಮಿನವರ ಬಾಯಿ ಎಲ್ಲ ನೋಡಿದರು. ಇವರ ಎಡಗೆನ್ನೆ ಒಳಗೆ ಬಿಳೀ ಮಚ್ಚೆ ಇದೆಯಂತೆ, ಪ್ಯಾಕೆಟ್ ಸೊಪ್ಪು ಇಟ್ಟುಕೊಳ್ಳೋ ಜಾಗದಲ್ಲೇ. ಈಗ ಬಿಟ್ಟರೆ ಕರಗಬಹುದು, ಬಿಡದಿದ್ದರೆ ಕ್ಯಾನ್ಸರ್‌ಗೆ ತಿರುಗಬಹುದು ಅಂದರು ಡಾಕ್ಟರು. ಆ ಮಾತು ಕೇಳಿದ ದಿನದಿಂದ ನಂಗೆ ಅನ್ನ ಇಳೀತಿಲ್ಲ. ಇವರು ಮಾತ್ರ ಸುಮ್ಮನೆ ತಲೆ ಆಡಿಸಿ ಬಂದರು.

ಇವತ್ತು ಸುಗನ್ಯಾ ಅಂತ ಒಬ್ಬಳು ಬಂದಿದ್ದಳು, ಆಸ್ಪತ್ರೆಯ ಸಂಶೋಧನೆ ಕೆಲಸದವಳು. ಹೊಗೆಸೊಪ್ಪು ಬಿಡೋಕೆ ಅಗಿಯೋ ಗಮ್ ಕೊಡ್ತಾರಂತೆ, ಮೂರು ತಿಂಗಳು ನೋಡ್ತಾರಂತೆ, ಕೊನೆಗೆ ಎಂಜಲು ಪರೀಕ್ಷೆ ಮಾಡ್ತಾರಂತೆ. "ಪ್ಯಾಕೆಟ್ ಮಾರಬಾರದು ಅಂತ ಸರ್ಕಾರ ಹೇಳಿದೆ, ಅಂಗಡಿಯವರು ಅದನ್ನ ಮಿಠಾಯಿ ಡಬ್ಬದ ಹಿಂದಕ್ಕೆ ಇಟ್ಟರು, ಅಷ್ಟೇ. ಜನ ಬಿಡೋಕೆ ಏನು ಸಹಾಯ ಬೇಕು ಅಂತ ನಾವು ತೋರಿಸಿದರೆ ಸರ್ಕಾರಿ ಆಸ್ಪತ್ರೇಲಿ ಗಮ್ ಪುಕ್ಕಟೆ ಸಿಗಬಹುದು ಅಕ್ಕಾ. ಅದಕ್ಕೆ ಎಲ್ಲರೂ ನಿಜ ಹೇಳಬೇಕು," ಅಂದಳು ತಮಿಳಲ್ಲಿ.

ಮನೇಲಿ ಬೇರೆ ಯಾರು ತಿಂತಾರೆ ಅಂತ ಕೇಳಿದಳು. ಅತ್ತೆ ತಮ್ಮ ಎಲೆಯಡಿಕೆ ಸಂಚಿ ಎತ್ತಿ ತೋರಿಸಿದರು, ಬಹುಮಾನ ಬಂದವರ ಥರ. ನೀವು ತಿಂತೀರಾ ಅಂದಳು. ನಾನಾ? ಛೀ ಅಂದೆ.

"ಹಾಗಾದರೆ ನೀವೇ ಅವರ ಜೊತೆ ನಿಂತು ಧೈರ್ಯ ಹೇಳಬೇಕು ಅಕ್ಕಾ."

ಧೈರ್ಯ ಆಮೇಲೆ ಹೇಳೋಣ. ಮೊದಲು ಕಾವಲು.

ಜೂನ್ 13, ಶುಕ್ರವಾರ

ಆ ಗಮ್ ಪೊಟ್ಟಣದ ಮೇಲೆ ಬರೆದಿರೋದನ್ನ ಓದಿದೆ. ನಿಕೋಟಿನ್! ಸೊಪ್ಪಿನಲ್ಲಿ ಏನಿದೆಯೋ ಅದೇ ಇದರಲ್ಲೂ ಇದೆ. ಬಿಡಿಸೋಕೆ ಬಂದವರಾ ಇವರು, ಇಲ್ಲಾ ಹೊಸ ವ್ಯಾಪಾರ ಶುರುಮಾಡೋಕೆ ಬಂದವರಾ? ಸುಗನ್ಯಾನ ಕೇಳಿದರೆ, "ಸ್ವಲ್ಪ ಸ್ವಲ್ಪ ಕೊಟ್ಟು ಆಮೇಲೆ ಅದನ್ನೂ ನಿಲ್ಲಿಸ್ತೀವಿ ಅಕ್ಕಾ. ಸೊಪ್ಪಿನಲ್ಲಿರೋ ಬೇರೆ ವಿಷ ಇದರಲ್ಲಿ ಇಲ್ಲ," ಅಂದಳು. ಬಾಯಿಪಾಠ ಮಾಡಿಕೊಂಡು ಬಂದ ಹಾಗಿತ್ತು.

ಇವರು ಗಮ್ ಅಗೀತಾ ಮಗ್ಗದ ಶೆಡ್ಡಲ್ಲಿ ನಿಂತಿರೋದನ್ನ ನೋಡಿದರೆ ನಮ್ಮೂರ ಎಮ್ಮೆ ನೆನಪಾಗುತ್ತೆ. ನಗು ಬಂತು. ಮಚ್ಚೆ ನೆನಪಾಗಿ ನಿಂತೂ ಹೋಯ್ತು.

ಜೂನ್ 18, ಬುಧವಾರ

ದಿನಾ ಸಂಜೆ ಫೋನ್ ಬರುತ್ತೆ. ಸುಗನ್ಯಾದು. ಇವರು ಫೋನ್ ಹಿಡ್ಕೊಂಡು ಬೋರ್‌ವೆಲ್ ಹತ್ತಿರ ಹೋಗಿ ಬೆನ್ನು ತಿರುಗಿಸಿ ಮಾತಾಡ್ತಾರೆ. ನನ್ನ ಹತ್ತಿರ ದಿನಕ್ಕೆ ನಾಲ್ಕು ಮಾತು ಆಡಿದರೆ ಹೆಚ್ಚು. ಅವಳ ಹತ್ತಿರ ಏನಂತೆ ಅಷ್ಟೊಂದು?

"ಏನ್ರೀ ಅದು, ನನ್ನ ಮುಂದೆ ಮಾತಾಡಬಾರದ್ದು?"

"ಒಂದೂ ಇಲ್ಲೆ. ಹೇಗಿದೆ, ಬೇಕು ಅನ್ನಿಸ್ತಾ ಅಂತ ಕೇಳ್ತಾರೆ."

"ಅನ್ನಿಸ್ತಾ?"

ಮಗ್ಗದ ಕಡೆ ನೋಡಿಕೊಂಡು, "ನೂಲು ಹರಿದಿದೆ," ಅಂತ ಎದ್ದು ಹೋದರು. ಕೇಳಿದ್ದಕ್ಕೆ ಉತ್ತರ ಕೊಡದೆ ಎದ್ದು ಹೋದರೆ ಏನು ಅರ್ಥ ಅಂತ ನಂಗೆ ಗೊತ್ತಿಲ್ವಾ?

ಜೂನ್ 24, ಮಂಗಳವಾರ

ಹುಡುಕಾಟ ಮುಗಿಸಿದೆ. ಷರಟಿನ ಜೇಬು, ಲುಂಗಿ ಮಡಿಕೆ, ಬೈಕಿನ ಸೀಟಿನ ಕೆಳಗೆ, ನೂಲಿನ ಚೀಲ, ಚೌಡೇಶ್ವರಿ ಅಮ್ಮನ ಪಟದ ಹಿಂದೆ. ತಾಯಿ ಕ್ಷಮಿಸಲಿ. ಏನೂ ಸಿಗಲಿಲ್ಲ. ಏನೂ ಸಿಗಲಿಲ್ಲ ಅಂದರೆ ಬಲೇ ಜಾಣರಾಗಿದ್ದಾರೆ ಅಂತ ಅರ್ಥ.

ಹುಡುಕಿ ಹುಡುಕಿ ಕೂತರೆ ಹಲ್ಲು ನೋವು. ದವಡೆ ಹಲ್ಲು, ಎರಡು ದಿನದಿಂದ ಕಿವಿಯವರೆಗೆ ಎಳೀತಿದೆ. ಮಧ್ಯಾಹ್ನ ಕೆನ್ನೆ ಹಿಡ್ಕೊಂಡು ಕೂತಿದ್ದೆ. ಅತ್ತೆ ನೋಡಿದರು. ಮದುವೆಯಾಗಿ ಬಂದಾಗಿನಿಂದ ನನ್ನ ಹತ್ತಿರ ಅಗತ್ಯಕ್ಕಿಂತ ಒಂದು ಮಾತು ಹೆಚ್ಚು ಆಡಿದವರಲ್ಲ. ತಮ್ಮ ಅಣ್ಣನ ಮಗಳನ್ನ ಬಿಟ್ಟು ಮಗ ಕೊಳ್ಳೇಗಾಲದವಳನ್ನ ಕಟ್ಟಿಕೊಂಡ ಅನ್ನೋ ಸಂಕಟ ಅವರಿಗೆ. ಇವತ್ತು ಸಂಚಿ ಬಿಚ್ಚಿ, ಎಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು, ಪೊಗಲೆ ಕಡ್ಡಿ ಮುರಿದು ಸೇರಿಸಿ ಮಡಿಸಿದರು. ಹೊಗೆಸೊಪ್ಪಿಗೆ ಇಲ್ಲಿಯವರ ಬಾಯಲ್ಲಿ ಪೊಗಲೆ.

"ಹಲ್ಲಿನ ಮೇಲೆ ಇಟ್ಕೋ ಕಣ್ಣು. ನೋವು ನಿಂತೋಗುತ್ತೆ."

ಕಣ್ಣು ಅಂದರು! ಇಲ್ಲಿ ಮುದ್ದಿನ ಮಕ್ಕಳನ್ನ ಕರೆಯೋ ಮಾತು ಅದು. ನನ್ನನ್ನ!

ಇಟ್ಟುಕೊಂಡೆ. ತಲೆ ಗಿರ್ರಂತು, ಬೆವರು ಕಿತ್ತುಕೊಂಡು ಬಂತು, ಹಿತ್ತಲಿಗೆ ಹೋಗಿ ಉಗಿದೆ. ಆದರೆ ಹಲ್ಲು ನೋವು ನಿಂತಿತು, ಸುಳ್ಳು ಹೇಳಬಾರದು.

ಜೂನ್ 29, ಭಾನುವಾರ

ಇವತ್ತೂ ಊಟ ಆದ ಮೇಲೆ ಅತ್ತೆ ಕರೆದು ಎಲೆ ಮಡಿಸಿ ಕೊಟ್ಟರು. ಇಬ್ಬರೂ ಹಿತ್ತಲ ಬಾಗಿಲಲ್ಲಿ ಕೂತೆವು. ಅವರು ಹುಡುಗಿಯಾಗಿದ್ದಾಗ ಕೈಮಗ್ಗದ ನೂಲಿಗೆ ಗಂಜಿ ಹಾಕ್ತಿದ್ದ ಕಥೆ ಹೇಳಿದರು, ಅವರ ಅತ್ತೆ ಅವರನ್ನ ಬೈತಿದ್ದ ಕಥೆ ಹೇಳಿದರು. ಬೈಗುಳ ಅಷ್ಟೂ ಅಪ್ಪಟ ಕನ್ನಡ, ನಕ್ಕು ನಕ್ಕು ಸಾಕಾಯ್ತು. ಇವರು ಶೆಡ್ಡಿನ ಬಾಗಿಲಲ್ಲಿ ನಿಂತು ನಮ್ಮನ್ನ ನೋಡಿದರು. ಮುಖದಲ್ಲಿ ಸಂತೋಷ ಇತ್ತೋ ಕಳ್ಳತನ ಇತ್ತೋ ಹೇಳೋಕಾಗಲ್ಲ.

ಈ ಸಲ ತಲೆ ಸುತ್ತಲಿಲ್ಲ.

ಜುಲೈ 8, ಮಂಗಳವಾರ

ಸಿಕ್ಕಿತು!

ಬೆಳಿಗ್ಗೆ ಹಾಸಿಗೆ ಮಡಿಸುವಾಗ ದಿಂಬು ಮೂಸಿ ನೋಡಿದೆ. ಹೊಗೆಸೊಪ್ಪಿನ ವಾಸನೆ, ಚೆನ್ನಾಗಿಯೇ ಇತ್ತು. ಅಲ್ಲಾ, ಇಷ್ಟು ದಿನ ಗಮ್ಮು, ಫೋನು, ಬೋರ್‌ವೆಲ್ಲು ಅಂತ ನಾಟಕ ಆಡಿ ಕೊನೆಗೆ ದಿಂಬಿಗೆ ಸಿಕ್ಕಿಹಾಕಿಕೊಂಡರಲ್ಲ! ದಿಂಬು ಹಿಡ್ಕೊಂಡು ಶೆಡ್ಡಿಗೆ ಹೋಗಿ ಮೂತಿ ಮುಂದೆ ಹಿಡಿದೆ.

"ಮೂಸಿ ನೋಡಿ. ಏನಿದು?"

ಮೂಸಿದರು. ದಿಂಬು ನೋಡಿದರು, ನನ್ನ ನೋಡಿದರು. "ಪೊಗಲೆ," ಅಂದರು.

"ಯಾರದು?"

ಮಗ್ಗ ಆನ್ ಮಾಡಿದರು. ಆ ಸದ್ದಲ್ಲಿ ನಾನು ಏನು ಕೂಗಿದರೂ ಯಾರಿಗೆ ಕೇಳಬೇಕು? ಒಳಗೆ ಬಂದು ಅತ್ತೆ ಹತ್ತಿರ ಅತ್ತುಕೊಂಡೆ. ಅವರೇ ಸಮಾಧಾನ ಮಾಡಿ, ಒಂದು ಎಲೆ ಕೊಟ್ಟರು.

ಜುಲೈ 10, ಗುರುವಾರ

ದಿಂಬಿನ ಚೀಲ ಸೋಪು ಹಾಕಿ ತಿಕ್ಕಿ ಒಗೆದೆ. ಇನ್ನೊಂದು ಸಲ ವಾಸನೆ ಬರಲಿ, ಸುಗನ್ಯಾಗೆ ನಾನೇ ಫೋನ್ ಮಾಡಿ ಹೇಳ್ತೀನಿ.

ಜುಲೈ 11, ಶುಕ್ರವಾರ

ಬಂತು.

ಫೋನ್ ಮಾಡಿ ಹೇಳಿಯೂ ಹೇಳಿದೆ. ಅವಳು, "ಅಣ್ಣ ನನ್ನ ಹತ್ತಿರ ಎಲ್ಲಾ ಹೇಳ್ತಾರೆ ಅಕ್ಕಾ. ಸ್ವಲ್ಪ ನಂಬಿ ನೋಡಿ," ಅಂದಳು. ಎಲ್ಲಾ ಹೇಳ್ತಾರಂತೆ! ಕಟ್ಟಿಕೊಂಡವಳಿಗೆ ಹೇಳದ್ದು ಇವಳಿಗೆ ಹೇಳ್ತಾರಂತೆ. ಇಬ್ಬರೂ ಸೇರಿಕೊಂಡಿದ್ದಾರೆ. ಇವರು ಬಿಟ್ಟರು ಅಂತ ಬರೆದರೆ ಅವಳ ಸಂಶೋಧನೆಗೆ ಒಳ್ಳೇದು, ಹೆಸರು ಬರುತ್ತೆ. ಮಚ್ಚೆ ಇರೋದು ಅವಳ ಗಂಡನ ಬಾಯಲ್ಲಿ ಅಲ್ಲವಲ್ಲ.

ಜುಲೈ 20, ಭಾನುವಾರ

ಇವರು ಈಗ ಬಾಗಿಲಾಚೆ ಜಗಲಿ ತಿಣ್ಣೆ ಮೇಲೆ ಮಲಗ್ತಿದ್ದಾರೆ. ಕೇಳಿದರೆ ಸೆಖೆಯಂತೆ. ಆಡಿ ತಿಂಗಳ ಗಾಳಿ, ನಮ್ಮ ಕಡೆ ಆಷಾಢದ ಗಾಳಿ ಅಂತೀವಲ್ಲ ಅದು, ಪಾಲಕ್ಕಾಡಿನ ಕಡೆಯಿಂದ ಬೀಸಿ ಬೀಸಿ ಒಣಹಾಕಿದ ಸೀರೆ ಮೂರನೇ ಮನೆ ಸೇರ್ತಿದೆ, ತಲೆಗೆ ಟವಲ್ ಕಟ್ಟದೆ ಹೊರಗೆ ಕಾಲಿಡೋಕಾಗಲ್ಲ. ಇವರಿಗೆ ಸೆಖೆ!

ಹತ್ತಿರ ಕೂತರೆ ಆಚೆ ಸರೀತಾರೆ. ಮಾತಾಡಿದರೆ ಮುಖ ಪಕ್ಕಕ್ಕೆ ತಿರುಗಿಸ್ತಾರೆ. ಬಾಯಿ ವಾಸನೆ ನಂಗೆ ಗೊತ್ತಾಗಬಾರದು ಅಂತ. ನಂಗೆ ಎಷ್ಟು ಸಿಟ್ಟಿದೆಯೋ ಅಷ್ಟೇ ದುಃಖವೂ ಇದೆ. ಇವರು ಸತ್ತು ಗಿತ್ತು ಹೋದರೆ ನಾನು ಈ ಊರಲ್ಲಿ ಯಾರನ್ನ ನೋಡಿಕೊಂಡು ಇರಲಿ? ಇದನ್ನ ಬಾಯಿಬಿಟ್ಟು ಹೇಳೋಣ ಅಂತ ಹೋದರೆ, ಬಾಯಿಗೆ ಬರೋದು ಬೈಗುಳ.

ಜುಲೈ 26, ಶನಿವಾರ

ಮೂಲೆ ಅಂಗಡಿ ಶಣ್ಮುಗಂ ಹತ್ತಿರ ವಿಚಾರಣೆಗೆ ಹೋಗಿದ್ದೆ. ಇವರು ಪ್ಯಾಕೆಟ್ ತಗೊಳ್ತಿದ್ದದ್ದು ಅವರ ಹತ್ತಿರವೇ.

"ವಸಂತಣ್ಣ ಬಂದು ಬಹಳ ದಿನ ಆಯ್ತಲ್ಲಕ್ಕಾ," ಅಂದರು.

"ನಂಗೆ ಹೀಗೆ ಹೇಳಿ ಅಂತ ಹೇಳಿಕೊಟ್ಟಿದ್ದಾರಾ?"

"ಅಯ್ಯೋ, ನನಗ್ಯಾಕಕ್ಕಾ! ನಿಮ್ಮ ಮನೆಗೆ ಈಗ ಹೋಗೋದು ನಿಮ್ಮತ್ತೆ ಪೊಗಲೆ ಒಂದೇ. ಅದು ಮಾತ್ರ ಈಚೆಗೆ ಬೇಗ ಬೇಗ ಮುಗೀತಿದೆ. ಮೊದಲು ಒಂದು ಕಟ್ಟು ತಗೊಂಡು ಹೋದರೆ ವಾರವೆಲ್ಲ ಈ ಕಡೆ ತಲೆ ಹಾಕ್ತಿರಲಿಲ್ಲ. ಈಗ ವಾರದ ಮಧ್ಯದಲ್ಲೇ ಇನ್ನೊಂದು ಕೇಳ್ತಾರೆ."

ನಿಂತಲ್ಲೇ ಎಲ್ಲಾ ಹೊಳೆದುಹೋಯ್ತು. ಅಂಗಡಿಗೆ ಹೋದರೆ ನಾನು ಹಿಡೀತೀನಿ ಅಂತ ಗೊತ್ತು, ಅದಕ್ಕೆ ಹೆತ್ತ ತಾಯಿಯ ಸಂಚಿಗೇ ಕೈ ಹಾಕಿದ್ದಾರೆ! ಎಂಥಾ ಮನುಷ್ಯ ರೀ ಇವರು!

ಜುಲೈ 27, ಭಾನುವಾರ

ಅತ್ತೆಗೆ ವಿಷಯ ಹೇಳಿದೆ. "ವಸಂತ ಹಂಗೆಲ್ಲ ಮಾಡಲ್ಲ ಕಣ್ಣು," ಅಂದರು. ಹೆತ್ತವರಿಗೆ ಹಾಗೇ ಕಾಣೋದು. ಸಂಚಿ ಇನ್ನು ಮೇಲೆ ನನ್ನ ಹತ್ತಿರ ಇರುತ್ತೆ ಅಂತ ಇಸ್ಕೊಂಡು ಬೇಳೆ ಡಬ್ಬದೊಳಗೆ ಇಟ್ಟೆ. ಅತ್ತೆಗೆ ಬೇಕಾದಾಗ ಕೇಳ್ತಾರೆ, ತೆಗೆದು ಕೊಡ್ತೀನಿ. ಈಗ ಕದೀಲಿ ನೋಡೋಣ.

ಆಗಸ್ಟ್ 12, ಮಂಗಳವಾರ

ಗಮ್ ನಿಂತಿದೆ. ಇನ್ನು ಸ್ವಲ್ಪ ದಿನಕ್ಕೆ ಎಂಜಲು ಪರೀಕ್ಷೆ. ಅಲ್ಲಿ ಬಣ್ಣ ಬಯಲಾಗುತ್ತೆ.

ಬೆಳಿಗ್ಗೆ ಕಾಫಿ ಆದ ಕೂಡಲೇ ಸಂಚಿ ಸರಿಯಾಗಿದೆಯಾ ಅಂತ ಒಂದು ಸಲ ನೋಡ್ತೀನಿ. ಹೇಗೂ ಬಿಚ್ಚಿದ್ದೀನಲ್ಲ ಅಂತ ಒಂದು ಎಲೆ ಮಡಿಸಿ ಬಾಯಿಗಿಟ್ಟುಕೊಳ್ತೀನಿ, ಹಲ್ಲಿಗೆ. ಆಮೇಲೆ ಕೆಲಸ ಸಲೀಸಾಗಿ ಸಾಗುತ್ತೆ. ಮಧ್ಯಾಹ್ನ ಅತ್ತೆ ಜೊತೆ. ಸಂಜೆ ಬಾಬಿನ್‌ಗೆ ನೂಲು ಸುತ್ತೋ ಹೊತ್ತಲ್ಲಿ ಒಂದು. ವಿಚಿತ್ರ ಅಂದರೆ, ಸಂಚಿ ನನ್ನ ಕಾವಲಲ್ಲಿದ್ದರೂ ಕಟ್ಟು ಬೇಗ ಮುಗೀತಾನೇ ಇದೆ. ಯಾವ ಮಾಯದಲ್ಲಿ ಬಂದು ತೆಗೀತಾರೋ.

ಆಗಸ್ಟ್ 26, ಮಂಗಳವಾರ

ಇವತ್ತು ಪೀಳಮೇಡಿಗೆ ಹೋಗಿ ಬಂದೆವು. ಬಸ್ಸಲ್ಲಿ ನೂಕಾಟ, ಸೂಲೂರು ದಾಟೋ ಹೊತ್ತಿಗೆ ತಲೆ ಸಿಡಿದು ಹೋಗ್ತಿತ್ತು. ಬೆಳಿಗ್ಗೆ ಗಡಿಬಿಡೀಲಿ ಸಂಚಿ ಮುಟ್ಟೋಕೂ ಆಗಿರಲಿಲ್ಲ. ಕೈ ಏನೋ ಕಳಕೊಂಡ ಹಾಗೆ ಆಡ್ತಿತ್ತು. ಕಂಡಕ್ಟರ್ ಮೇಲೆ ರೇಗಿದೆ, ಆಸ್ಪತ್ರೆ ನರ್ಸ್ ಮೇಲೆ ರೇಗಿದೆ. ಎಲ್ಲಾ ಬಿಸಿಲಿನ ಕಾಟ.

ಡಾಕ್ಟರು ಇವರ ಬಾಯಿ ನೋಡಿ, ಮಚ್ಚೆ ಚಿಕ್ಕದಾಗಿದೆ ಅಂದರು. ಚಿಕ್ಕದಾಗಿದೆ! ಅಲ್ಲೇ ಕೈ ಮುಗಿದೆ. ಹೊರಗೆ ಬಂದ ಮೇಲೆ ಅನುಮಾನ ಬಂತು. ತಿಂತಾ ಇದ್ದರೂ ಚಿಕ್ಕದಾಗುತ್ತಾ? ಡಾಕ್ಟರು ಸರಿಯಾಗಿ ನೋಡಿದರಾ? ಒಳಗೆ ಡಾಕ್ಟರು ನನ್ನ ಹಲ್ಲನ್ನೂ ನೋಡ್ತೀನಿ ಅಂದಿದ್ದರು. ಬೇಡ ಅಂದೆ. ನೋವೇ ಇಲ್ಲದ ಹಲ್ಲನ್ನ ಯಾಕೆ ಕೀಳಿಸಿಕೊಳ್ಳಬೇಕು?

ಇವರು ಚಿಕ್ಕ ಬಾಟಲಿಗೆ ಉಗಿದು ಕೊಟ್ಟರು. ಸುಗನ್ಯಾ ನನ್ನ ಕಡೆ ತಿರುಗಿ, "ಹೊಗೆಸೊಪ್ಪು ಮುಟ್ಟದವರದ್ದೂ ಬೇಕು ಅಕ್ಕಾ, ಹೋಲಿಸಿ ನೋಡೋಕೆ. ನೀವು ಕೊಡ್ತೀರಾ?" ಅಂದಳು.

ಇವರು ತಟ್ಟನೆ ಎದ್ದು ನಿಂತರು. "ಅವಳದ್ದು ಬೇಡ. ಅವಳದ್ದು ಬೇಡಮ್ಮಾ."

"ಯಾಕ್ರೀ ಬೇಡ?"

"ಬೇಡ ಧರಣಿ. ಮನೆಗೆ ಹೋಗೋಣ ಬಾ."

ಮುಖ ನೋಡಬೇಕಿತ್ತು, ಬೆವರಿ ಹೋಗಿದ್ದರು. ನಂಗೆ ಅರ್ಥ ಆಗಲ್ವಾ? ತಿನ್ನದವರ ಎಂಜಲು ಪಕ್ಕದಲ್ಲಿ ಇಟ್ಟರೆ ಇವರ ಬಂಡವಾಳ ಹೊರಗೆ ಬೀಳುತ್ತೆ. ಬಾಟಲಿ ಕಿತ್ತುಕೊಂಡೆ. ಗೆರೆಯವರೆಗೆ ತುಂಬಿಸಿ ಕೊಟ್ಟೆ.

ಸೆಪ್ಟೆಂಬರ್ 12, ಶುಕ್ರವಾರ

ಸುಗನ್ಯಾ ಮನೆಗೇ ಬಂದಳು. ನನ್ನೊಬ್ಬಳನ್ನೇ ಒಳಗೆ ಕರೆದು ಕೂರಿಸಿದಳು. ಇವರು ತಿಂದದ್ದು ಗೊತ್ತಾಗಿದೆ, ಅದಕ್ಕೆ ಹೀಗೆ ಮೆತ್ತಗೆ ಶುರುಮಾಡ್ತಿದ್ದಾಳೆ ಅಂದುಕೊಂಡೆ.

"ಅಣ್ಣಂದು ಪೂರಾ ಚೆನ್ನಾಗಿದೆ ಅಕ್ಕಾ. ಒಂಚೂರೂ ಇಲ್ಲ."

"ಮತ್ತೆ?"

"ನಿಮ್ಮದರಲ್ಲಿ ಇದೆ."

ಬಾಯಿಗೆ ಬಂದ ಹಾಗೆ ಅಂದೆ. ಬಾಟಲಿ ಬದಲಾಗಿದೆ ಅಂದೆ. ಬೇಕು ಅಂತಾನೇ ಬದಲಾಯಿಸಿದ್ದೀಯ, ನಿನ್ನ ಸಂಶೋಧನೆ ಚೆನ್ನಾಗಿ ಕಾಣಲಿ ಅಂತ ಮಾಡಿದ್ದೀಯ ಅಂದೆ. ಅವಳು ಎದ್ದು ಹೋಗಲಿಲ್ಲ.

"ಎಲೆ ಜೊತೆ ಪೊಗಲೆ ಹಾಕ್ಕೊಳ್ತೀರಾ ಅಕ್ಕಾ?"

"ಅದು ಹಲ್ಲಿಗೆ. ಅತ್ತೆ ಮಡಿಸಿ ಕೊಡೋದು. ಅದು ತಿನ್ನೋದಾ? ಊಟ ಆದ ಮೇಲೆ ಎಲೆ ಹಾಕೋದು ಮನೆ ಪದ್ಧತಿ!"

"ದಿನಕ್ಕೆ ಎಷ್ಟು ಸಲ?"

ಹೇಳೋಕೆ ಹೋದೆ. ಕಾಫಿ ಆದ ಮೇಲೆ ಅಂದೆ, ಮಧ್ಯಾಹ್ನ ಅಂದೆ, ಬಾಬಿನ್ ಸುತ್ತುವಾಗ ಅಂದೆ, ಪಾತ್ರೆ ತೊಳೆದ ಮೇಲೆ ಅಂದೆ. ಹೇಳ್ತಾ ಹೇಳ್ತಾ ನನ್ನ ದನಿ ನಂಗೇ ಕೇಳಿಸದ ಹಾಗಾಯ್ತು. ಅವಳು ಬೈಯಲಿಲ್ಲ. "ಇಲ್ಲಿ ಬಹಳ ಹೆಂಗಸರು ಹೀಗೇ ಅಕ್ಕಾ, ಕೇಳಿದರೆ ಇಲ್ಲ ಅಂತಾರೆ. ಸುಳ್ಳು ಹೇಳಬೇಕು ಅಂತ ಹೇಳೋದಲ್ಲ. ನಾವು ಕೇಳೋ ರೀತಿಯನ್ನೇ ಬದಲಾಯಿಸಬೇಕು," ಅಂದಳು. ಅವಳು ಹೋದ ಮೇಲೂ ನಾನು ಕೂತೇ ಇದ್ದೆ.

ಇವರು ಬಾಗಿಲಲ್ಲಿ ಬಂದು ನಿಂತರು.

"ನಿಮಗೆ ಗೊತ್ತಿತ್ತಾ?"

"ಇತ್ತು."

"ದಿಂಬು?"

"ನಿನ್ನದೇ. ನೀನು ಹತ್ತಿರ ಬಂದಾಗೆಲ್ಲ ಆ ವಾಸನೆಗೆ ನಂಗೆ ಬೇಕು ಬೇಕು ಅನ್ನಿಸ್ತಿತ್ತು ಧರಣಿ. ತಡಕೊಳ್ಳೋಕಾಗದೆ ತಿಣ್ಣೆಗೆ ಹೋದೆ."

"ಬಾಯಿಬಿಟ್ಟು ಹೇಳೋಕೇನಾಗಿತ್ತು ನಿಮಗೆ? ನಾನು ನಿಮ್ಮನ್ನ ಕಳ್ಳ ಅಂತ ಬೀದಿಯೆಲ್ಲ ಹೇಳಿಕೊಂಡು ಬಂದೆನಲ್ಲ!"

"ನೀನೂ ಅಮ್ಮನೂ ಈಗೀಗ ತಾನೇ ಜೊತೇಲಿ ಕೂತು ನಗ್ತಿದ್ದೀರಿ. ಅದನ್ನ ನಾನು ಕೆಡಿಸೋದಾ?"

ನಂಗೆ ಭೂಮಿ ಬಾಯಿಬಿಡಬಾರದಾ ಅನ್ನಿಸಿತು. ಈ ಪುಸ್ತಕದ ಹಿಂದಿನ ಪುಟ ತೆರೆಯೋಕೆ ಧೈರ್ಯ ಬರ್ತಿಲ್ಲ.

ಸೆಪ್ಟೆಂಬರ್ 14, ಭಾನುವಾರ

ನಿನ್ನೆ ಇಡೀ ದಿನ ಪೊಗಲೆ ಹಾಕ್ಕೊಳ್ಳಲಿಲ್ಲ. ಮಗ್ಗದ ಸದ್ದು ತಲೆ ಒಳಗೇ ಆಗ್ತಿತ್ತು. ಮಗಳು ಪೆನ್ಸಿಲ್ ಕೇಳಿದ್ದಕ್ಕೆ ಹೊಡೆದೆ. ಪಾಪ, ಏನು ಮಾಡಿತ್ತು ಅದು.

ಇವತ್ತು ಊಟ ಆದ ಮೇಲೆ ಅತ್ತೆ ಎಲೆ ಮಡಿಸಿ ಕೈ ಚಾಚಿದರು. ಬರೀ ಎಲೆ ಅಡಿಕೆ ಸಾಕು ಅತ್ತೆ, ಪೊಗಲೆ ಬೇಡ ಅಂದೆ. ಅವರ ಕೈ ಹಾಗೇ ನಿಂತಿತು.

"ಯಾಕೆ, ನನ್ನ ಕೈಯಿಂದ ಬೇಡವಾಯ್ತಾ?" ಅಂದರು. ಕಣ್ಣು ಅನ್ನಲಿಲ್ಲ.

ತಗೊಂಡೆ. ಬಾಯಿಗಿಟ್ಟುಕೊಂಡೆ. ಮೈ ಎಲ್ಲ ಹಗುರಾಯ್ತು, ಅದೇ ಹೊತ್ತಿಗೆ ಅಳುವೂ ಬಂತು. ಹಲ್ಲು ನೋಯ್ತಿತ್ತು ಅಂತ ಇಲ್ಲಿ ಬರೆಯೋಣ ಅಂದುಕೊಂಡೆ. ಓದೋರು ಯಾರೂ ಇಲ್ಲದ ಪುಸ್ತಕದಲ್ಲಿ ಯಾರಿಗೆ ಆ ಸುಳ್ಳು?

ಎದ್ದು ತಿಣ್ಣೆಗೆ ಹೋದೆ. ಇವರು ಕೂತು ಪೇಪರ್ ಓದ್ತಿದ್ದರು.

"ರೀ, ಈಗ ಹಾಕ್ಕೊಂಡೆ. ನಂಗೆ ಆಗಲಿಲ್ಲ."

ಬೈತಾರೆ ಅಂತ ಕಾದೆ. ಬೈಸಿಕೊಳ್ಳೋಕೆ ಸಿದ್ಧವಾಗೇ ಹೋಗಿದ್ದೆ. ಇವರು ಪೇಪರ್ ಮಡಿಸಿದರು. ಈ ಸಲ ಆಚೆ ಸರಿಯಲಿಲ್ಲ.

"ಮೊದಲ ವಾರ ನಂಗೂ ಆಗಲಿಲ್ಲ. ಶೆಡ್ಡಿನ ಹಿಂದೆ ಹೋಗಿ ತಿಂದೆ. ಒಂದೇ ಸಲ ಅಲ್ಲ."

"ಮತ್ತೆ ನನ್ನ ಹತ್ತಿರ ಯಾಕೆ ಹೇಳಲಿಲ್ಲ?"

"ನಿನ್ನ ಕಂಡರೆ ಭಯ ಆಗ್ತಿತ್ತು," ಅಂದರು. "ಅದಕ್ಕೆ ಸುಗನ್ಯಾಗೆ ಹೇಳ್ತಿದ್ದೆ."